ಗೌಡ್ತಿಗೆ ಕುಂಕುಮ ಇಟ್ಟಿದ್ದು

ಮಾಕಳಿಯ ಈಶ್ವರಮ್ಮನ ಹಿತ್ತಲಲ್ಲಿ ಐದು ಹೆಂಟೆಗಳೂ ಒಂದು ಹುಂಜವೂ ಇದ್ದವು, ಆದರೆ ಯಜಮಾನಿಕೆ ಮಾತ್ರ ಒಬ್ಬಳದೇ. ಅವಳ ಹೆಸರು ಗೌಡ್ತಿ. ಕಪ್ಪು ಮೈ, ಕತ್ತಿನ ಸುತ್ತ ಬಂಗಾರದ ಬಣ್ಣದ ಪುಕ್ಕ, ನಡಿಗೆಯಲ್ಲಿ ಅವಸರ ಅನ್ನುವುದೇ ಇಲ್ಲ. ರಾಗಿ ಚೆಲ್ಲಿದರೆ ಮೊದಲ ಕಾಳು ಅವಳದು. ಅವಳು ಕೊಕ್ಕಿಟ್ಟ ಮೇಲೆ ಕೆಂಪಿ ಬರಬೇಕು, ಕೆಂಪಿಯ ಹಿಂದೆ ಮಲ್ಲಿಗೆ, ಆಮೇಲೆ ಚುಕ್ಕಿ, ಎಲ್ಲರೂ ತಿಂದು ಕೊಕ್ಕು ಒರೆಸಿಕೊಂಡ ಮೇಲೆ ಪಾಪದ ಗಿಡ್ಡಿ. ಸಾಲು ತಪ್ಪಿದರೆ ತಲೆಯ ಮೇಲೆ ಒಂದು ಕುಟುಕು. ಗೌಡ್ತಿಯ ಕೈಲಿ ಕುಟುಕಿಸಿಕೊಂಡ ಕೆಂಪಿ ತಿರುಗಿ ಗೌಡ್ತಿಯನ್ನು ಕುಟುಕುತ್ತಾಳೆಯೇ? ಅದೊಂದು ಬಿಟ್ಟು ಬೇರೆ ಮಾತಾಡಿ. ಮಲ್ಲಿಗೆಯನ್ನು ಕುಟುಕುತ್ತಾಳೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇನ್ನು ಹುಂಜ, ಶಾನುಭೋಗ ಅಂತ ಹೆಸರಿಟ್ಟುಕೊಂಡು ಕಾಂಪೌಂಡಿನ ಮೇಲೆ ನಿಂತು ಊರಿಗೆಲ್ಲ ಕೂಗುತ್ತಿದ್ದ. ಒಳಗಿನ ಕಾರುಬಾರಿನಲ್ಲಿ ಅವನ ಮಾತು ಮೂರು ಕಾಸಿಗೂ ನಡೆಯುತ್ತಿರಲಿಲ್ಲ.

ಈ ಗೌಡ್ತಿಯನ್ನು ಮರಿಯಿಂದ ಸಾಕಿದವಳು ಈಶ್ವರಮ್ಮನ ಮಗಳು ಪ್ರಿಯಾಂಕಾ. ಕಾರ್ತಿಕದಲ್ಲಿ ಮದುವೆಯಾಗಿ ಎಲೆಕ್ಟ್ರಾನಿಕ್ ಸಿಟಿ ಕಡೆ ಹೋದಳು. ಈ ಕಡೆ ತುಮಕೂರು ರಸ್ತೆ, ಆ ಕಡೆ ಹೊಸೂರು ರಸ್ತೆ, ನಡುವೆ ಇಡೀ ಬೆಂಗಳೂರು. ಮನಸ್ಸಾದಾಗ ಬಂದು ಹೋಗುವ ದೂರವಲ್ಲ. ಫೋನು ಮಾಡಿದರೆ ಮೊದಲು ಕೇಳುತ್ತಿದ್ದದ್ದು ಗೌಡ್ತಿ ಹೇಗಿದ್ದಾಳೆ ಅಂತ, ಅಮ್ಮನ ಮೊಣಕಾಲು ನೋವಿನ ವಿಚಾರ ಆಮೇಲೆ. ಯುಗಾದಿಗೆ ಗಂಡನ ಜೊತೆ ಬರುವವಳಿದ್ದಳು. ಮದುವೆಯಾದ ಮೇಲೆ ಮೊದಲನೇ ಯುಗಾದಿ. ಈಶ್ವರಮ್ಮ ಶಿವರಾತ್ರಿಯಿಂದಲೇ ಗೋಡೆಗೆ ಸುಣ್ಣ ಹೊಡೆಸಲು ಶುರು ಮಾಡಿದ್ದಳು.

ಸರಿಯಾಗಿ ಆ ಹೊತ್ತಿಗೇ ಗೌಡ್ತಿ ಮೂಲೆ ಹಿಡಿದಳು. ಬೆಳಿಗ್ಗೆ ರಾಗಿ ಚೆಲ್ಲಿದರೆ ಬರಲಿಲ್ಲ. ಬಾಲ ಇಳಿಬಿಟ್ಟು, ಕಣ್ಣು ಅರೆಮುಚ್ಚಿ, ಗೋಣು ಮೈಯೊಳಗೆ ಸೇರಿಸಿಕೊಂಡು ನುಗ್ಗೆಮರದ ಬುಡದಲ್ಲಿ ಕೂತಿದ್ದಳು. ಈಶ್ವರಮ್ಮ ರಾಗಿ ಮೊರ ಅಲ್ಲೇ ಬಿಟ್ಟು ಹತ್ತಿರ ಹೋದಳು. ಕೊಕ್ಕರೆ ರೋಗವೇನಾದರೂ ಬಡಿದಿದ್ದರೆ ಒಂದಲ್ಲ, ಇಡೀ ಗೂಡೇ ಗುಡಿಸಿ ಹೋಗುತ್ತದೆ. ಎತ್ತಿಕೊಂಡು ಕತ್ತಿನ ಕೆಳಗೆ ಬೆರಳಾಡಿಸಿದರೆ ಮೇವಿನ ಚೀಲ ಕಲ್ಲುಗಟ್ಟಿತ್ತು. ಕೊಕ್ಕು ಬಿಡಿಸಿ ನೋಡಿದಳು. ನಾಲಗೆಯ ಬದಿಯಲ್ಲಿ ಬೆಳ್ಳಗೆ ಒಂದು ಹರಳು. ಹಿತ್ತಲ ಹಿಂದಿನ ಟಿವಿ ಗೋಡೌನಿನಿಂದ ಹಾರಿಬರುವ ಥರ್ಮಾಕೋಲು. ಬೇಡವೆಂದಷ್ಟೂ ಕೋಳಿಗಳಿಗೆ ಅದೇ ಮಂಡಕ್ಕಿ. ಮೊದಲ ಕಾಳು ತನಗೇ ಸೇರಬೇಕು ಅನ್ನುವವಳು ಅದರಲ್ಲೂ ಮೊದಲ ಪಾಲು ತಿಂದಿದ್ದಳು.

ಗಂಡ ನಲ್ಲಪ್ಪ ಬಗ್ಗಿ ನೋಡಿ, ಬೀಡಿಯ ಬೂದಿ ಕೊಡವಿದ. "ಸರೋಯ್ತು. ಹಬ್ಬದ ಮಾರನೆ ದಿನ ಹೊಸ್ತೊಡಕಿಗೆ ಅಳಿಯಂಗೆ ನಾಟಿಕೋಳಿ ಆಕ್ಲೇಬೇಕು. ಮೂಲೆ ಇಡ್ದಿರೋದನ್ನೇ ಕುಯ್ದ್ರಾಯ್ತು."

"ಪ್ರಿಯಾಂಕನ ಕೋಳಿ ಕಣ್ರೀ ಅದು. ಅವಳ ಕೋಳೀನ ಅವಳ ಗಂಡನ ತಟ್ಟೆಗೆ ಆಕ್ತೀರಾ?"

"ಕೋಳೀನ ಕೇಳಿ ಖಾರ ಅರೀತಾರಾ?"

"ಕೋಳೀನ ಕೇಳ್ಬೇಡಿ. ನನ್ನ ಕೇಳಿ."

ಈ ದನಿ ಬಂದರೆ ನಲ್ಲಪ್ಪ ಒಂದು ಹೆಜ್ಜೆ ಹಿಂದೆ ಸರಿಯುವುದು ರೂಢಿ. ಆದರೆ ಅವನೂ ಹಠದ ಆಸಾಮಿ. "ಆಗ್ಲಿ ಬಿಡು. ಹಬ್ಬದ ದಿನ ಆ ಕೆಂಪೀನ ಹಿಂದಿಕ್ಕಿ ನಿಮ್ಮ ಗೌಡ್ತಿ ಮೊದ್ಲು ಕಾಳು ತಿಂದ್ರೆ ಉಳ್ಕಳ್ಳಿ. ಇಲ್ದಿದ್ರೆ ಮಾರನೆ ದಿನ ಪಾತ್ರೆಗೆ. ಮೂಲೇಲಿ ಕುಂತು ಸಾಯೋದಕ್ಕಿಂತ ಅದೇ ಮೇಲು" ಅಂದ. ಈಶ್ವರಮ್ಮ ಆಗಲಿ ಅಂದುಬಿಟ್ಟಳು.

ಬಚ್ಚಲು ಮನೆಯೇ ಆಸ್ಪತ್ರೆಯಾಯಿತು. ಮಹಡಿ ಮೇಲೆ ಬಾಡಿಗೆಗಿದ್ದ ವಸಂತಮ್ಮ, ಪೀಣ್ಯದ ಗಾರ್ಮೆಂಟ್ಸಿಗೆ ಹೊರಡುವ ಮುಂಚೆ ಇಳಿದುಬಂದು ಗೌಡ್ತಿಯನ್ನು ಹಳೇ ಟವೆಲಿನಲ್ಲಿ ಸುತ್ತಿ ಹಿಡಿಯುತ್ತಿದ್ದಳು. ಈಶ್ವರಮ್ಮ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆ ಹನಿ ಹನಿಯಾಗಿ ಕೊಕ್ಕಿಗೆ ಬಿಟ್ಟು, ಗಟ್ಟಿಯಾದ ಚೀಲವನ್ನು ಎರಡು ಬೆರಳಲ್ಲಿ ನಿಧಾನವಾಗಿ ನೀವುತ್ತಿದ್ದಳು. ಮೇವಿಲ್ಲ, ಬರೀ ನೀರು. ಪ್ರಿಯಾಂಕಾ ಫೋನು ಮಾಡಿದರೆ "ಗುಂಡುಕಲ್ಲಂಗವ್ಳೆ ನಿನ್ನ ಗೌಡ್ತಿ" ಅಂತ ಸುಳ್ಳು. ಫೋನಿಟ್ಟ ಮೇಲೆ ಗೌಡ್ತಿಗೇ ಬೈಗುಳ. "ಏನ್ ಕಮ್ಮಿ ಮಾಡಿದ್ನೇ ನಿಂಗೆ? ರಾಗಿ ಇರ್ಲಿಲ್ವಾ, ಗೆದ್ಲುಳ ಇರ್ಲಿಲ್ವಾ? ಟಿವಿ ಡಬ್ಬದ ಬೆಂಡು ಬೇಕಿತ್ತಾ?"

ಒಂದು ಬೆಳಿಗ್ಗೆ ಅವಳ ಮೇಲೆ ಕವುಚಿದ್ದ ಬಿದಿರ ಮಂಕರಿ ಎತ್ತಿದರೆ ಹಿಕ್ಕೆಯಲ್ಲಿ ಬೆಳ್ಳನೆಯ ಹರಳುಗಳು. ಚೀಲ ಮುಟ್ಟಿದರೆ ನೆನೆಸಿದ ಹಿಟ್ಟಿನಷ್ಟು ಮೆತ್ತಗೆ. ಗೌಡ್ತಿ ಗೋಣೆತ್ತಿ ನೋಡಿ, ಈಶ್ವರಮ್ಮನ ಹೆಬ್ಬೆರಳಿಗೆ ಫಟ್ಟಂತ ಒಂದು ಕೊಟ್ಟಳು. ಅಬ್ಬಾ, ಆ ನೋವು ಎಷ್ಟು ಹಿತವಾಗಿತ್ತು! ಈಶ್ವರಮ್ಮ ಆ ಬೆರಳನ್ನೇ ಎತ್ತಿ ಹಿಡಿದು ಮಹಡಿಯ ಮೆಟ್ಟಿಲವರೆಗೆ ಓಡಿದಳು. ಮೊಣಕಾಲು ನೋವು ಅವಳಿಗೆ ನೆನಪೇ ಆಗಲಿಲ್ಲ.

ಇನ್ನೇನು, ನಾಲ್ಕು ಹೊತ್ತು ಗಂಜಿ ಕುಡಿಸಿ, ಕಾಳು ತಿನ್ನಿಸಿ, ಮೈಗೆ ಬಲ ಬಂದ ಮೇಲೆ ಶುಕ್ರವಾರ ನೋಡಿ ಗೌಡ್ತಿಯನ್ನು ಹಿತ್ತಲಿಗೆ ಬಿಡುವುದೆಂದಾಯಿತು. ಸಾವಿನ ಬಾಯಿಂದ ವಾಪಸ್ಸು ಬಂದವಳನ್ನು ಸುಮ್ಮನೆ ಬಿಡಲಾದೀತೇ? ಈಶ್ವರಮ್ಮ ಅವಳ ಕಾಲು ತೊಳೆದಳು. ನೆತ್ತಿಗೆ ಅರಿಶಿನ, ಅದರ ಮೇಲೆ ಕಾಸಗಲದ ಕುಂಕುಮ. ಕೆಂಪು ಆರತಿ ಎತ್ತಿ ದೃಷ್ಟಿ ತೆಗೆದು, ತುಂಬಿದ ಮನೆಗೆ ಮಗಳು ಬಂದಳೆಂಬಂತೆ ನೆಲಕ್ಕಿಳಿಸಿದಳು.

ಕೋಳಿಗಳೆಲ್ಲ ಮೇಯುವುದು ಬಿಟ್ಟು ತಲೆ ಎತ್ತಿದವು. ಇಷ್ಟು ದಿನದಲ್ಲಿ ಕೆಂಪಿ ಪಟ್ಟ ಹತ್ತಿದ್ದಳು. ಹಾಳೂರಿಗೆ ಉಳಿದವನೇ ಗೌಡ. ಗೋಣು ಓರೆ ಮಾಡಿ ಆ ಕೆಂಪು ಬೊಟ್ಟನ್ನು ಒಂದು ಕಣ್ಣಲ್ಲಿ ನೋಡಿದಳು, ಆಮೇಲೆ ಇನ್ನೊಂದು ಕಣ್ಣಲ್ಲಿ. ಮರುಕ್ಷಣ ಹಾರಿ ಬಿದ್ದಳು. ಅವಳ ಹಿಂದೆ ಮಲ್ಲಿಗೆ, ಚುಕ್ಕಿ, ಯಾವ ಜನ್ಮದಲ್ಲೂ ಕೊಕ್ಕೆತ್ತದ ಗಿಡ್ಡಿ ಕೂಡ. ಪುಕ್ಕ ಹಾರಿತು, ಧೂಳೆದ್ದಿತು. ಎಲ್ಲರ ಗುರಿಯೂ ನೆತ್ತಿಯ ಮೇಲೇ. ಈಶ್ವರಮ್ಮ ಆರತಿ ತಟ್ಟೆಯನ್ನೇ ಎಸೆದು ನಡುವೆ ನುಗ್ಗಿ ಗೌಡ್ತಿಯನ್ನು ಸೆರಗಿಗೆ ಹಾಕಿಕೊಳ್ಳುವ ಹೊತ್ತಿಗೆ ನೆತ್ತಿಯಲ್ಲಿ ಕುಂಕುಮ ಯಾವುದು, ರಕ್ತ ಯಾವುದು ತಿಳಿಯದಂತಾಗಿತ್ತು.

"ಇದೇನ್ ಪಾಪಿಗಳು ಆಂಟಿ, ಒಂದೇ ಗೂಡಲ್ಲಿ ಮಲಗಿದ್ದವಲ್ವಾ?" ಅಂದಳು ವಸಂತಮ್ಮ.

ಈಶ್ವರಮ್ಮ ನೆಲ ನೋಡುತ್ತಿದ್ದಳು. ಕೆಂಪಿ ಈಗ ಚೆಲ್ಲಿದ ಆರತಿ ನೀರಿನ ಕೆಂಪು ಕಲೆಗಳನ್ನು ಕುಟುಕುತ್ತಿದ್ದಳು. ಒಂದೊಂದೇ ಕಲೆ ಕುಟುಕುತ್ತಾ ಬಂದು, ಈಶ್ವರಮ್ಮನ ಪಾದದ ಮೇಲೆ ಸಿಡಿದಿದ್ದ ಹನಿಗೂ ಟಕ್ಕಂತ ಕೊಟ್ಟಳು. ಈಶ್ವರಮ್ಮ ಹಣೆ ಚಚ್ಚಿಕೊಂಡಳು.

"ಅವುಗಳ ತಪ್ಪಲ್ಲ ಕಣೆ ವಸಂತ. ಕೆಂಪು ಕಂಡ್ರೆ ಅವಕ್ಕೆ ಗಾಯ. ಮೊದ್ಲೇ ಮರ್ತಿದ್ವು, ನಾನು ಮೆರವಣಿಗೇಲಿ ತಂದು, ಗಾಯದ ಗುರ್ತು ಬರ್ದು ಕಳಿಸ್ಬಿಟ್ಟೆ. ನೆಂಟ್ರಂಗೆ ಕರ್ಕೊಂಡ್ ಬಂದ್ರೆ ನೆಂಟ್ರೇ ಆಯ್ತಾರೆ."

ಅಳಲು ಹೊತ್ತಿರಲಿಲ್ಲ. ಹಬ್ಬ ಹತ್ತಿರ ಬರುತ್ತಿತ್ತು. ಗಾಯ ತೊಳೆದು, ಎಣ್ಣೆಗೆ ಒಲೆಯ ಮಸಿ ಕಲಸಿ ನೆತ್ತಿಗೆ ಮೆತ್ತಿದಳು. ಕಪ್ಪು ಮೈಯಲ್ಲಿ ಕಪ್ಪು ಸೇರಿಹೋಯಿತು. ಈ ಸಲ ಬಚ್ಚಲಿಗೆ ಒಯ್ಯಲಿಲ್ಲ. ಹಿತ್ತಲಿನ ನಟ್ಟನಡುವೆ, ಎಲ್ಲರ ಕಣ್ಣೆದುರಿಗೆ ಮಂಕರಿ ಕವುಚಿ ಅದರೊಳಗೆ ಕೂರಿಸಿದಳು. ಸುತ್ತ ರಾಗಿ ಚೆಲ್ಲಿದಳು. ಒಳಗೆ ಗೌಡ್ತಿ ತಿನ್ನುತ್ತಾಳೆ, ಹೊರಗೆ ಇವರು ತಿನ್ನುತ್ತಾರೆ, ನಡುವೆ ಬಿದಿರ ಕಡ್ಡಿ. ನೋಡಿ ನೋಡಿ ಹಳಬಳಾಗಲಿ ಅಂತ. ಗಾಯ ಒಣಗಿದ ದಿನ ಮಂಕರಿ ಎತ್ತಿ, ಅದೇ ಮಂಕರಿಯನ್ನು ಒಯ್ದು ಕೆಂಪಿಯ ಮೇಲೆ ಕವುಚಿ ಬಚ್ಚಲಿಗೆ ತಳ್ಳಿದಳು. "ಪಟ್ಟದ ರಾಣಿ, ನೀನೂ ಸ್ವಲ್ಪ ದಿನ ಊರು ಬಿಟ್ಟಿರು. ಗೊತ್ತಾಗ್ಲಿ."

ಆಮೇಲಿನ ದಿನಗಳಲ್ಲಿ ಆ ವಠಾರಕ್ಕೆ ಬೇರೆ ಕ್ರಿಕೆಟ್ಟೇ ಬೇಕಿರಲಿಲ್ಲ. ವಸಂತಮ್ಮ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತು ಸ್ಕೋರು ಹೇಳುತ್ತಿದ್ದಳು. ಶುರುವಿನಲ್ಲಿ ಗೌಡ್ತಿ ಗಿಡ್ಡಿಗಿಂತ ಹಿಂದೆ ನಿಂತು ಉಳಿದದ್ದು ಹೆಕ್ಕಿದಳು. ನೋಡಲಾರದೆ ಈಶ್ವರಮ್ಮ ಒಳಗೆ ಹೋಗಿ ಬೇಳೆ ಆರಿಸುತ್ತಾ ಕೂತಳು. "ಆಂಟಿ, ಗಿಡ್ಡೀನ ಹಿಂದಾಕಿದ್ಲು" ಅನ್ನುವ ಕೂಗು ಕೇಳಿ ಬೇಳೆ ಮೊರದ ಸಮೇತ ಆಚೆ ಬಂದಳು. ಚುಕ್ಕಿ ಒಂದೇ ಗುಟುರಿಗೆ ಜಾಗ ಬಿಟ್ಟಳು. ಮಲ್ಲಿಗೆ ಮಾತ್ರ ಕತ್ತಿನ ಪುಕ್ಕ ಕೆದರಿ ಎದುರು ನಿಂತಳು. ಗೌಡ್ತಿ ಕಾದಾಡಲಿಲ್ಲ, ಸುಮ್ಮನೆ ನೋಡಿದಳು. ಮಲ್ಲಿಗೆ ತಲೆ ತಗ್ಗಿಸಿ, ನೆಲದಲ್ಲಿ ಏನೋ ಹುಡುಕುವವಳಂತೆ ಪಕ್ಕಕ್ಕೆ ಸರಿದಳು. ಇನ್ನು ಉಳಿದದ್ದು ಕೆಂಪಿ.

ಯುಗಾದಿ ಬಂತು. ಮಗಳು, ಅಳಿಯ ಭಾನುಪ್ರಕಾಶ್ ಬಾಗಿಲಿಗೆ ಬಂದಾಗ ಈಶ್ವರಮ್ಮನ ಸಡಗರ ನೋಡಬೇಕಿತ್ತು. ಕೆಂಪು ಆರತಿ ಎತ್ತಿ, ಮಗಳ ಹಣೆಗೆ ಕಾಸಗಲದ ಕುಂಕುಮ ಇಟ್ಟು ಒಳಗೆ ಕರೆದಳು. ಬೇವುಬೆಲ್ಲವಾಯಿತು, ಒಬ್ಬಟ್ಟಿನ ಊಟವಾಯಿತು. ಪ್ರಿಯಾಂಕಾ ನೀರು ತರಲು ಎದ್ದರೆ "ಕುತ್ಕೋ ಮಗಾ, ನಾನ್ ತತ್ತೀನಿ". ಎಲೆ ಎತ್ತಲು ಬಗ್ಗಿದರೆ "ನೀನ್ ಮುಟ್ಬೇಡ, ರೇಷ್ಮೆ ಸೀರೆ". ಕಾಫಿ ಕೂಡ ತಟ್ಟೆಯಲ್ಲಿಟ್ಟು ಬಂತು.

"ನಾನೇನ್ ನೆಂಟಳೇನಮ್ಮ?" ಅಂದಳು ಪ್ರಿಯಾಂಕಾ.

"ಹಬ್ಬಕ್ಕೆ ಬಂದ ಮಗಳು ಕಣವ್ವ" ಅಂತ ಈಶ್ವರಮ್ಮ ನಕ್ಕಳು. ಪ್ರಿಯಾಂಕಾ ನಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಲ್ಲಪ್ಪ ಮೀಸೆ ಒರೆಸಿಕೊಂಡು ಎದ್ದ. "ನಡೀರಿ ಅಳಿಯಂದ್ರೆ, ಹಿತ್ತಲಲ್ಲಿ ಒಂದು ಪಂದ್ಯ ಐತೆ. ನಾಳೆ ನಿಮ್ಮ ಎಲೆಗೆ ಯಾರು ಅಂತ ಇವತ್ತು ಗೊತ್ತಾಯ್ತದೆ." ಆಗ ಕಥೆಯೆಲ್ಲ ಹೊರಬಿತ್ತು. ಥರ್ಮಾಕೋಲು, ಎಣ್ಣೆ, ಕುಂಕುಮ, ಪಣ ಎಲ್ಲ. ಪ್ರಿಯಾಂಕಾಳ ಮುಖ ಬಿಳಿಚಿಕೊಂಡಿತು. "ಗುಂಡುಕಲ್ಲಂಗವ್ಳೆ ಅಂದ್ಯಲ್ಲಮ್ಮ" ಅಂದು ಚಪ್ಪಲಿ ಕೂಡ ಮೆಟ್ಟದೆ ಹಿತ್ತಲಿಗೆ ಓಡಿದಳು.

ವಸಂತಮ್ಮ ಮೆಟ್ಟಿಲ ಮೇಲೆ, ಅಳಿಯ ಬಿಳಿ ಪಂಚೆ ಎತ್ತಿ ಹಿಡಿದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಶಾನುಭೋಗ ಕಾಂಪೌಂಡಿನ ಮೇಲೆ. ಈಶ್ವರಮ್ಮ ಒಂದು ಬೊಗಸೆ ರಾಗಿ ಚೆಲ್ಲಿದಳು. ಅರ್ಧ ರಾಗಿ ಅವಳ ಕಾಲಮೇಲೇ ಬಿತ್ತು. ನಲ್ಲಪ್ಪ ಬಚ್ಚಲಿನಿಂದ ಕೆಂಪಿಯನ್ನು ತಂದು ಬಿಟ್ಟ.

ಕೆಂಪಿ ಮೈ ಕೊಡವಿ ನೇರವಾಗಿ ಕಾಳಿನ ಕಡೆ ಬಂದಳು. ಗೌಡ್ತಿ ಎದುರಿಗೆ ಬಂದು ನಿಂತಳು. ಇಬ್ಬರ ಕತ್ತಿನ ಪುಕ್ಕವೂ ಕೊಡೆಯಂತೆ ಬಿಚ್ಚಿತು. ಕೊಕ್ಕಿಗೆ ಕೊಕ್ಕು, ಒಬ್ಬಳೂ ಅಲುಗಲಿಲ್ಲ. ಅಷ್ಟರಲ್ಲಿ ಕೆಂಪಿಯ ಕಣ್ಣು ಪಕ್ಕಕ್ಕೆ ಹೊರಳಿತು. ಪ್ರಿಯಾಂಕಾಳ ಬರಿಗಾಲು. ಹತ್ತು ಬೆರಳಿಗೂ ಹಬ್ಬಕ್ಕೆಂದು ಬಳಿದ ಕೆಂಪು ನೈಲ್ ಪಾಲಿಶು, ಇಳಿಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

ಕೆಂಪಿ ರಾಗಿ ಬಿಟ್ಟು ಅತ್ತ ಹಾರಿದಳು. ಟಕ್. ಪ್ರಿಯಾಂಕಾ ಕಿರುಚುವುದರೊಳಗೆ ಹಿಂದಿನಿಂದ ಗೌಡ್ತಿ ಬಂದಳು. ಅವಸರವೇ ಗೊತ್ತಿಲ್ಲದವಳು ಓಡಿ ಬಂದು ಕೆಂಪಿಯ ನೆತ್ತಿಗೆ ಬಿಗಿದಳು ನೋಡಿ ಒಂದು, ಮೆಟ್ಟಿಲ ಮೇಲಿದ್ದ ವಸಂತಮ್ಮ ತನ್ನ ತಲೆ ಮುಟ್ಟಿಕೊಂಡಳು. ಕೆಂಪಿ ಮಂಡಿಯೂರಿ, ರೆಕ್ಕೆ ಚೆಲ್ಲಿ, ತೆವಳುತ್ತಾ ಹಿಂದೆ ಸರಿದಳು. ಗೌಡ್ತಿ ಅತ್ತಿತ್ತ ನೋಡಿದಳು. ಆಮೇಲೆ ಮೊದಲ ಕಾಳು ತನ್ನದು ಅನ್ನುವ ಹಕ್ಕಿನಿಂದ ತಾನೇ ಪ್ರಿಯಾಂಕಾಳ ಹೆಬ್ಬೆರಳಿಗೆ ಇನ್ನೊಂದು ಕೊಟ್ಟು, ಹೋಗಿ ರಾಗಿ ಹೆಕ್ಕತೊಡಗಿದಳು. ಉಳಿದವರು ಕಾದು ನಿಂತರು.

"ಗೆದ್ಲು, ಗೆದ್ಲು. ನೋಡಿದ್ರೇನ್ರೀ, ಕಣ್ತುಂಬ ನೋಡ್ಕಳಿ" ಅಂತ ಈಶ್ವರಮ್ಮ ನಲ್ಲಪ್ಪನ ತೋಳು ಹಿಡಿದು ಅಲುಗಾಡಿಸಿದಳು. ಸೆರಗು ಜಾರಿದ್ದೂ ತಿಳಿಯಲಿಲ್ಲ.

"ಅಮ್ಮ, ನನ್ನ ಕಾಲು" ಅಂದಳು ಪ್ರಿಯಾಂಕಾ.

ಬಿದ್ದು ಬಿದ್ದು ನಕ್ಕವನು ನಲ್ಲಪ್ಪ. "ಸೋತೆ ಕಣೇ. ನಾಳೆ ಮಟನ್ ಅಂಗ್ಡಿ ಕ್ಯೂನಲ್ಲಿ ನಿಂತ್ಕೋತೀನಿ" ಅಂದ.

ಪ್ರಿಯಾಂಕಾಳನ್ನು ಕುರ್ಚಿಯಲ್ಲಿ ಕೂರಿಸಿ ಬೆರಳಿಗೆ ಅರಿಶಿನ ಒತ್ತುವಾಗ ಅವಳು ನಗಲು ನೋಡಿದಳು, ಕಣ್ಣು ತುಂಬಿತು. "ಅಂಗೈಯಲ್ಲಿಟ್ಟು ಸಾಕಿದ್ದು. ನನ್ನೇ ಕುಟುಕ್ತು. ಹೊರಗಿನವಳಾಗ್ಬಿಟ್ನೇನಮ್ಮ?"

ಈಶ್ವರಮ್ಮನ ಕೈ ನಿಂತಿತು. ತಲೆ ಎತ್ತಿದರೆ ಮಗಳ ಹಣೆಯಲ್ಲಿ ಬೆಳಿಗ್ಗೆ ತಾನೇ ಇಟ್ಟ ಕಾಸಗಲದ ಕುಂಕುಮ ಇನ್ನೂ ಹಾಗೇ ಇತ್ತು. ಗೌಡ್ತಿಯ ನೆತ್ತಿ ಕಣ್ಣಿಗೆ ಬಂತು. ಥೂ ನನ್ನ ಬುದ್ಧಿಗಿಷ್ಟು, ಎರಡನೇ ಸಲ ಅದೇ ತಪ್ಪು, ಅಂದುಕೊಂಡಳು. ಮೇಲೆದ್ದು ಸೊಂಟಕ್ಕೆ ಕೈಯಿಟ್ಟು ಗದರಿದಳು.

"ಏನೇ ಅದು, ನೆಂಟ್ರಂಗೆ ಕುರ್ಚಿ ಮ್ಯಾಲೆ ಕುಂತಿದ್ದೀಯೆ? ಕತ್ಲಾಗ್ತಾ ಬಂತು, ಕೋಳಿಗಳ್ನ ಯಾರು ಗೂಡಿಗಾಕೋರು, ನಿಮ್ಮಪ್ಪನಾ? ಎದ್ದೇಳು. ಒಬ್ಬಟ್ಟಿನ ಪಾತ್ರೆ ಬೇರೆ ಅಂಗೇ ಬಿದ್ದೈತೆ."

ಅಳಿಯ ಗಾಬರಿಯಿಂದ ಅತ್ತೆಯ ಮುಖ ನೋಡಿದ. ಪ್ರಿಯಾಂಕಾ ಮಾತ್ರ ಸೆರಗಿನಿಂದ ಕಣ್ಣು ಮುಖ ಒರೆಸಿಕೊಂಡಳು, ಅರ್ಧ ಕುಂಕುಮ ಅದರಲ್ಲೇ ಹೋಯಿತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, "ಹೋಗ್ತೀನಿ ಕಣಮ್ಮ, ಬಂದ ದಿನಾನೇ ಬೈತೀಯಲ್ಲ" ಅನ್ನುತ್ತಾ ಕುಂಟಿಕೊಂಡು ನಡೆದಳು. ಅವಳ ದನಿಯಲ್ಲಿದ್ದ ಖುಷಿ ಈಶ್ವರಮ್ಮನಿಗೆ ಅಡುಗೆಮನೆವರೆಗೂ ಕೇಳಿಸಿತು. "ಬಾ ಬಾ ಬಾ" ಅನ್ನುವ ಮಗಳ ಹಳೇ ಕೂಗಿಗೆ ಗೌಡ್ತಿ ತಲೆ ಎತ್ತಿ, ಎಲ್ಲರಿಗಿಂತ ಮೊದಲು ಗೂಡು ಹತ್ತಿದಳು. ಹಿಂದೆ ಕೆಂಪಿ, ಮಲ್ಲಿಗೆ, ಚುಕ್ಕಿ, ಕೊನೆಗೆ ಗಿಡ್ಡಿ. ಪ್ರಿಯಾಂಕಾ ಚಿಲಕ ಹಾಕಿ, ಕೈ ತೊಳೆದು ಒಳಗೆ ಬಂದವಳು, ಯಾರನ್ನೂ ಕೇಳದೆ ಡಬ್ಬಿಯ ಮುಚ್ಚಳ ತೆಗೆದು ಒಂದು ಒಬ್ಬಟ್ಟು ಬಾಯಿಗಿಟ್ಟುಕೊಂಡಳು.