ಕಿವಿಯಲ್ಲಿ ಆಡಿದ ಮಾತು

"ನಿನ್ನ ಅತ್ತಿನ್ನ ನಾ ಮಾಫ್ ಮಾಡಂಗಿಲ್ಲ. ಆಕಿ ಸತ್ತ ದಿನ ಮಯ್ಯತ್ತಿನ ಮುಂದ ನಿಂತು, ನಾಕ ಮಂದಿ ಕೇಳೂಹಂಗ ಹೇಳತೀನಿ."

ಸತ್ತ ಮಗಳ ಕಿವಿಗೆ ಬಾಯಿ ಹಚ್ಚಿ ಜಾಹೇದಾ ಈ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಹಲಗೆಯ ಮೇಲೆ ಮಲಗಿಸಿದ್ದ ಸಮೀನಾಳ ಕೂದಲಿನಿಂದ ಆಗ ಇನ್ನೂ ನೀರು ಇಳಿಯುತ್ತಿತ್ತು. ಆ ನೀರು ಹಾಕಿದ್ದು ಜಾಹೇದಾಳೇ. ಬೇರೆ ಯಾರೂ ಮುಟ್ಟುವುದು ಬೇಡವೆಂದು ಹಟ ಹಿಡಿದು, ಹೆತ್ತ ಕೈಯಿಂದಲೇ ತೊಳೆದಿದ್ದಳು.

ತಿಕೋಂಡಿಯ ಸುತ್ತಮುತ್ತ ಮುಸಲ್ಮಾನರ ಮನೆಯಲ್ಲಿ ಹೆಂಗಸು ತೀರಿಕೊಂಡರೆ ಕಡೆಯ ಸ್ನಾನಕ್ಕೆ, ಅಂದರೆ ಗುಸಲಿಗೆ, ಜಾಹೇದಾಳಿಗೇ ಕರೆ. ಅವಳ ತಾಯಿ ಮಾಡುತ್ತಿದ್ದ ಕೆಲಸ ಅದು. ಎಮ್ಮೆ ಹಿಂಡಿ, ರೊಟ್ಟಿ ಬಡಿದು, ಕಳೆ ತೆಗೆಯಲು ಹೊರಟವಳು ಕರೆ ಬಂದರೆ ಕುಡುಗೋಲು ಅಲ್ಲೇ ಇಟ್ಟು ಹೋಗುವಳು. ಸತ್ತವರ ಮೈಮೇಲೆ ಏನು ಕಂಡರೂ ಹೊರಗೆ ಆಡುವಂತಿಲ್ಲ. ಅದು ಆ ಕೆಲಸದ ಕಟ್ಟು. ಅದರ ಜೊತೆಗೆ ಅವಳದೇ ಒಂದು ರೂಢಿ ಬೆಳೆದಿತ್ತು. ಕಫನ್ನಿನ ಬಟ್ಟೆಯನ್ನು ಮುಖದ ಮೇಲೆ ಎಳೆಯುವ ಮುಂಚೆ ಸತ್ತವಳ ಕಿವಿಯ ಹತ್ತಿರ ಬಾಗಿ, "ನನ್ನ ಕೈ ಒರಟ ಆಗಿದ್ರ ಮಾಫ್ ಮಾಡವ್ವಾ" ಎನ್ನುವಳು. ಜೋಳ ಬಡಿದ ಕೈ ಅದು, ಒರಟೇ ಸರಿ.

ಸಮೀನಾಳನ್ನು ಉಮದಿಗೆ ಕೊಟ್ಟದ್ದು ಜಾಹೇದಾಳ ಸ್ವಂತ ಅಕ್ಕ ಖಾಜಾಬಿಯ ಮಗ ಸಲೀಮನಿಗೆ. ಒಡಹುಟ್ಟಿದವಳ ಮನೆ, ಮಗಳು ತಣ್ಣಗಿರುತ್ತಾಳೆ ಎಂದುಕೊಂಡಿದ್ದಳು. ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಹೋಗಲು ಜಾಹೇದಾ ಬಂದಾಗ ಖಾಜಾಬಿ ಬಾಗಿಲಿಗೆ ಅಡ್ಡ ನಿಂತಳು. ದ್ರಾಕ್ಷಿ ಒಣಗಿಸುವ ಹಂಗಾಮು, ಮನೆಯಲ್ಲಿ ಕೈ ಸಾಲುವುದಿಲ್ಲ ಎಂದಳು. ಬೇನೆ ಶುರುವಾದ ಮೇಲೂ ದವಾಖಾನೆ ಬೇಡ ಎಂದಳು. "ನಾ ಐದ ಹಡದೀನಿ, ಒಂದಕ್ಕೂ ಡಾಕ್ಟರ ಮಾರಿ ನೋಡಿಲ್ಲ." ಸಲೀಮ ಜೀಪು ತಂದು ನಿಲ್ಲಿಸಿ, ತಾಯಿಯ ಮುಖ ನೋಡುತ್ತ ನಿಂತ. ಅವಳು ಹೂಂ ಅನ್ನುವ ಹೊತ್ತಿಗೆ ಹಾಸಿಗೆ ತೊಯ್ದು ರಕ್ತ ನೆಲಕ್ಕೆ ಹರಿದಿತ್ತು. ಕೂಸು ಸಾಜಿಯಾ ಉಳಿಯಿತು. ಸಮೀನಾ ವಿಜಯಪುರದ ದವಾಖಾನೆಯ ದಾರಿಯಲ್ಲೇ ತೀರಿಹೋದಳು.

ಅಂದಿನಿಂದ ಜಾಹೇದಾ ಅಕ್ಕನ ಹೊಸ್ತಿಲು ತುಳಿದಿರಲಿಲ್ಲ. ಈದಿಗೆ ಸಲೀಮನೇ ಮಗಳನ್ನು ತಿಕೋಂಡಿಗೆ, ನಾನಿಯ ಮನೆಗೆ, ಕರೆತಂದು ಬಿಟ್ಟು ಹೋಗುವನು. ನಿನ್ನ ತಾಯಿಯನ್ನು ಅಲ್ಲಾ ಕರೆದುಕೊಂಡ ಎಂದಷ್ಟೇ ಆ ಹುಡುಗಿಗೆ ಎಲ್ಲರೂ ಹೇಳಿದ್ದರು. ಜಾಹೇದಾ ಅದನ್ನು ತಿದ್ದಿರಲಿಲ್ಲ. ಅವಳು ಕಾಯುತ್ತಿದ್ದ ದಿನ ಬೇರೆಯೇ ಇತ್ತು. ಬಿಟ್ಟ ನಮಾಜು, ಬಿಟ್ಟ ರೋಜಾ ಉಪವಾಸ, ಇವನ್ನೆಲ್ಲ ಅಲ್ಲಾ ನೋಡಿಕೊಂಡಾನು. ಆದರೆ ಮನುಷ್ಯರಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯರೇ ಮಾಫ್ ಅನ್ನಬೇಕು, ಅವರು ಅನ್ನದಿದ್ದರೆ ಅವನೂ ಅನ್ನುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿದ್ದಳು. ಅಕ್ಕನ ಮುಂದಿನ ದಾರಿಯ ಬಾಗಿಲಿಗೆ ತಾನು ಅಡ್ಡ ನಿಲ್ಲಬಹುದು. ಆ ಒಂದು ವಿಚಾರದ ಬಲದಿಂದಲೇ ಅವಳು ಮತ್ತೆ ಉಣ್ಣಲು, ಮತ್ತೆ ಹೊಲಕ್ಕೆ ಹೋಗಲು ಕಲಿತಿದ್ದಳು.

ಒಂದು ಮುಂಜಾನೆ ಸಲೀಮನ ಫೋನು ಬಂತು. "ಖಾಲಾ, ಅಮ್ಮಾ ಹೋದಳ್ರಿ. ಗುಸಲ್ ಜಾಹೇದಾನ ಕೈಲೇ ಆಗಬೇಕು ಅಂತ ಹೇಳಿ ಹೋಗ್ಯಾಳ್ರಿ."

ಜಾಹೇದಾ ಫೋನು ಇಟ್ಟು ನಕ್ಕಳು. ಅಂಗಳ ಗುಡಿಸುತ್ತಿದ್ದ ನೆರೆಮನೆಯ ಭಾಗವ್ವ ಕಸಬರಿಗೆ ಹಿಡಿದುಕೊಂಡೇ ಬಂದಳು.

"ಯಾರ ಹೋದ್ರ ಬೇ? ನಗಾಕತ್ತೀಯಲ್ಲ!"

"ನಮ್ಮಕ್ಕ. ಮೈ ತೊಳ್ಯಾಕ ನಾನ ಬೇಕಂತ. ಸತ್ತ ಮ್ಯಾಲೂ ಆಟಾ ಬಿಟ್ಟಿಲ್ಲ ನೋಡ ಆಕಿ. ಮುಟ್ಟಿದ್ರ ಕರಗತಾಳ, ಮಾಫ್ ಅಂತಾಳ ಅಂದ್ಕೊಂಡಾಳ."

"ಹೋಗಾಕಿ ಏನ್ ಮತ್ತ? ನಮ್ಮಾಗ ಹಗಿ ಇದ್ದವ್ರ ಮಣ್ಣಿಗೂ ಹೋಗಂಗಿಲ್ಲವ್ವಾ."

"ಹೋಗತೀನಿ. ಹೇಳೂದ ಐತಿ."

"ಬದಕಿದ್ದಾಗ ಹೇಳಾಕ ಏನ್ ಬ್ಯಾನಿ ಆಗಿತ್ತ ನಿನಗ?" ಎಂದಳು ಭಾಗವ್ವ. "ಹೋಗ ಹೋಗ. ಹೆಣದ ಕೂಡ ಜಗಳಾ ಆಡಿದ್ರ ಗೆಲ್ಲಾಕಿ ನೀನ."

ಉಮದಿಯ ಮನೆಯ ಹಿತ್ತಲಲ್ಲಿ ಸೀರೆಗಳ ಮರೆ ಕಟ್ಟಿದ್ದರು. ಹಂಡೆಯಲ್ಲಿ ಬಾರಿ ಹಣ್ಣಿನ ಗಿಡದ ಎಲೆ ಹಾಕಿದ ನೀರು ಕುದಿಯುತ್ತಿತ್ತು. ಸಮೀನಾಳನ್ನು ತೊಳೆದ ಅದೇ ಹಲಗೆ. ಜಾಹೇದಾ ಗುರುತು ಹಿಡಿದಳು; ಕಾಲಿನ ಕಡೆ ಮರದ ಒಂದು ಗಂಟು ಉದುರಿ ತೂತು ಬಿದ್ದಿತ್ತು. ನೀರು ಹಾಕಲು ಮನೆಯವರು ಯಾರು ಎಂದು ಕೇಳಿದಾಗ, ದಾದಿಗಾಗಿ, ಅಪ್ಪನ ತಾಯಿಗಾಗಿ, ಅತ್ತು ಕಣ್ಣು ಬಾತ ಸಾಜಿಯಾ ತಂಬಿಗೆ ಹಿಡಿದು ಮುಂದೆ ಬಂದಳು.

"ನಾ ಹಾಕತೀನಿ ನಾನಿ. ನನಗ ದಿನಾ ಎರೀತಿದ್ಳು ದಾದಿ."

ಮೊದಲ ತಂಬಿಗೆ ತುಂಬಿದಾಗ ಜಾಹೇದಾಳ ಮನಸ್ಸಿನಲ್ಲಿ ಒಂದು ಕೆಟ್ಟ ವಿಚಾರ ಹೊಕ್ಕಿತು. ಕುದಿಯುವ ನೀರನ್ನೇ ಹಾಗೇ ಹಾಕಿಸಿಬಿಟ್ಟರೆ? ಯಾರಿಗೆ ತಿಳಿಯುತ್ತದೆ? ಆದರೆ ಅವಳು ವಿಚಾರ ಮಾಡುತ್ತಿರುವಾಗಲೇ ಅವಳ ಕೈ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಬಿಸಿ ನೋಡಿ ಮುಗಿಸಿತ್ತು. ಕೈಗೆ ಹಗೆ ಗೊತ್ತಿರಲಿಲ್ಲ. ಬಲಗಡೆಯಿಂದ ಶುರುಮಾಡಿತು. ಉಗುರು ಸಂದಿ ತಿಕ್ಕಿತು. ಮುಚ್ಚಿದ ಬಟ್ಟೆಯ ಕೆಳಗೇ ಕೈಯಾಡಿಸಿ ತೊಳೆಯಿತು. ಐದು ಹಡೆದ ಹೊಟ್ಟೆ ಒಣಗಿದ ಚೀಲದಂತೆ ಮಡಚಿಕೊಂಡಿತ್ತು. ಬೆನ್ನಿನಲ್ಲಿ ಹಾಸಿಗೆಯ ಹುಣ್ಣುಗಳಿದ್ದವು, ಹಸಿಯಾಗಿಯೇ ಇದ್ದವು. ಬಹಳ ದಿನ ನರಳಿದ್ದಾಳೆ ಎಂದು ಜಾಹೇದಾಳಿಗೆ ತಿಳಿಯಿತು. ಸಮಾಧಾನವಾಯಿತು. ಸುಳ್ಳೇಕೆ, ಬಹಳ ಸಮಾಧಾನವಾಯಿತು.

"ಅಲ್ಲಿ ಸಾವಕಾಶ ನಾನಿ," ಎಂದಳು ಸಾಜಿಯಾ. "ಅಲ್ಲಿ ಮುಟ್ಟಿದ್ರ ಒದರತಿದ್ಳು."

"ಈಗ ಒದರಂಗಿಲ್ಲ, ನೀರ ಹಾಕ."

ಆದರೂ ಕೈ ಸಾವಕಾಶವೇ ಆಯಿತು. ಕರ್ಪೂರದ ನೀರು ಮುಗಿಯಿತು. ಕಿವಿಗೆ, ಮೂಗಿಗೆ ಹತ್ತಿ ಇಟ್ಟರು. ಕಫನ್ ಹಾಸಿ ಮಲಗಿಸಿದರು. ಜಾಹೇದಾಳ ಸೊಂಟ ಹಿಡಿದುಕೊಂಡಿತ್ತು, ಮುಂಜಾನೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಟ್ಟೆಯ ಅಂಚು ಹಿಡಿದಳು, ಬಾಗಿದಳು, ಬಾಯಿ ತನ್ನ ಪಾಡಿಗೆ ತಾನು ಆಡಿತು.

"ನನ್ನ ಕೈ ಒರಟ ಆಗಿದ್ರ ಮಾಫ್ ಮಾಡವ್ವಾ."

ಆಡಿದ ಮೇಲೆ ತಿಳಿಯಿತು. ಅಂಚು ಹಿಡಿದ ಕೈ ಅಲ್ಲೇ ನಿಂತಿತು. ಯಾರನ್ನು ಬೇಡಿದೆ ನಾನು? ಯಾರ ಮುಂದೆ ಬಾಗಿದೆ? ಖಾಜಾಬಿಯ ಮುಖದಲ್ಲಿ ತುಟಿಯ ಒಂದು ಮೂಲೆ ಬದುಕಿದ್ದಾಗಿನಂತೆಯೇ ಮೇಲಕ್ಕೆ ಎದ್ದಿತ್ತು. ಮೈ ತೊಳೆದ ಸಾವಿರ ತಂಬಿಗೆ ನೀರಿನಲ್ಲೂ ತಣಿಯದಂಥ ಉರಿ ಜಾಹೇದಾಳ ಅಂಗಾಲಿನಿಂದ ನೆತ್ತಿಗೆ ಏರಿತು. ಮುಖ ಮುಚ್ಚಲಿಲ್ಲ. ಹಾಗೇ ಬಿಟ್ಟು ಎದ್ದು ನಿಂತಳು.

ಗಂಡಸರು ಹೊರಗೆ ಹೆಗಲು ಕೊಡಲು ತಯಾರಾಗಿದ್ದರು. ಸಲೀಮ ಒಳಗೆ ಬಂದ. ಎತ್ತುವ ಮುಂಚೆ ಸತ್ತವಳ ಪರವಾಗಿ ಮಾಫಿ ಕೇಳುವುದು ಮನೆಯ ಹಿರಿಯ ಮಗನ ಪಾಲಿನ ಕೆಲಸ. ಸೇರಿದ್ದ ಹೆಂಗಸರನ್ನೆಲ್ಲ ಕೇಳಿದ. ಎಲ್ಲರೂ ಗುಣುಗುಣು ಎಂದು ಮಾಫ್ ಎಂದರು. ಆಮೇಲೆ ಜಾಹೇದಾಳ ಮುಂದೆ ಬಂದು ತಲೆ ತಗ್ಗಿಸಿದ.

"ಖಾಲಾ, ನೀವೂ ಮಾಡಬೇಕ್ರಿ."

ಜಾಹೇದಾ ಸುಮ್ಮನಿದ್ದರೆ ಅದನ್ನೇ ಹೂಂ ಎಂದು ತಿಳಿದು ಎತ್ತಿಬಿಡುತ್ತಿದ್ದರು. ಮೂಲೆಯಲ್ಲಿದ್ದ ಮುದುಕಿಯೊಬ್ಬಳು, "ಅಂದ ಬಿಡ ಬೇ ಲಗೂನ, ಬಿಸಲ ಏರಾಕತ್ತೇತಿ" ಎಂದಳು. ಸಾಜಿಯಾ ಒದ್ದೆ ಕೈಯಿಂದ ಜಾಹೇದಾಳ ಕೈ ಹಿಡಿದಳು.

"ಈಗರೆ ನೀವು ದಾದಿಗೆ ಮಾಫ್ ಬೇಡಿದ್ರಿ, ನಾ ಕೇಳೀನಿ. ಆಕಿ ಮಾಡಿರ್ತಾಳ. ನೀವೂ ಮಾಡ್ರಿ ನಾನಿ. ಇಲ್ಲಂದ್ರ ಆಕಿ ಹೆಂಗ ಹೋಗಬೇಕು?"

ಹುಡುಗಿಯ ಹುಬ್ಬು ಸಮೀನಾಳದೇ. ಕೈಯೂ ಸಮೀನಾಳದೇ, ಉದ್ದ ಬೆರಳು. ಆ ಬೆರಳುಗಳನ್ನು ನೋಡಿದಾಗ ಜಾಹೇದಾಳಿಗೆ ಕರಗಬೇಕು ಎನ್ನಿಸಲಿಲ್ಲ. ಇದೇ ಹಲಗೆಯ ಮೇಲೆ ತಾನು ಒರೆಸಿದ ಬೆರಳುಗಳು ನೆನಪಾದವು.

"ನಾ ಬೇಡಿದ್ದು ನನ್ನ ಕೈಯಿಂದ ಆಗಿದ್ದಕ್ಕ," ಎಂದಳು. ಹೊರಗಿನ ಗಂಡಸರಿಗೂ ಕೇಳಿಸುವಷ್ಟು ಜೋರಾಗಿ ಹೇಳಿದಳು. "ಈಕಿ ಕೈಯಿಂದ ಆಗಿದ್ದಕ್ಕ ಮಾಫಿ ಇಲ್ಲ. ನನ್ನ ಮಗಳನ್ನ ಅಲ್ಲಾ ಕರದಿದ್ದಿಲ್ಲ. ಈಕಿ ದವಾಖಾನಿಗಿ ಕಳಸಲಿಲ್ಲ, ಇಂವಾ ತಾಯಿ ಮಾರಿ ನೋಡಕೋತ ನಿಂತಾ. ರಗತಾ ಹರದು ಸತ್ಲು ಸಮೀನಾ. ನಾ ಮಾಫ್ ಮಾಡಿಲ್ಲ. ಅಲ್ಲಾನ ಮುಂದ ಕೇಳಿದ್ರೂ ಇದನ್ನ ಹೇಳತೀನಿ."

ಖಾಜಾಬಿಯ ಕಿವಿಯಲ್ಲಿ ಹತ್ತಿ ಇತ್ತು. ಸಾಜಿಯಾ ಅಪ್ಪನ ಮುಖ ನೋಡಿದಳು, ನಾನಿಯ ಮುಖ ನೋಡಿದಳು. ಹಿಡಿದಿದ್ದ ಕೈ ಬಿಟ್ಟಳು. ಹೋಗಿ ಕಫನ್ನಿನ ಪಕ್ಕ ಕುಳಿತು, ಅರ್ಧ ಉಳಿದಿದ್ದ ಬಟ್ಟೆಯನ್ನು ತಾನೇ ದಾದಿಯ ಮುಖದ ಮೇಲೆ ಎಳೆದಳು.

ಹೆಣ ಎತ್ತಿದರು. ಜಾಹೇದಾ ಹಂಡೆಯ ತಳದಲ್ಲಿ ಉಳಿದ ನೀರಿನಿಂದ ಹಲಗೆ ತೊಳೆದು, ಗೋಡೆಗೆ ಒರಗಿಸಿ ನಿಲ್ಲಿಸಿದಳು. ಎದೆಯಿಂದ ಏನೋ ಇಳಿಯುತ್ತದೆ ಎಂದು ಸ್ವಲ್ಪ ಹೊತ್ತು ಕಾದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಸ್ಸಿಗೆ ಹೊರಟಳು.

ಮಗಳಿಗೆ ಕೊಟ್ಟ ಮಾತನ್ನು ಜಾಹೇದಾ ನಡೆಸಿದಳು.