ಇಪ್ಪತ್ತನಾಲ್ಕನೆಯ ಪೆಟ್ಟಿಗೆ

ತೆರೆಯಲಾಗದ ಪೆಟ್ಟಿಗೆ ಮಾಡಿಕೊಡು ಎಂದು ಇಪ್ಪತ್ತೆಂಟು ವರ್ಷಗಳಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದವನು ನನ್ನ ಒಡಹುಟ್ಟಿದ ತಮ್ಮ.

ನಾನು ಪುಸ್ತಕ ಕಟ್ಟುವವಳು. ಹಳೆಯ ಪುಸ್ತಕಗಳಿಗೆ ರಟ್ಟಿನ ಪೆಟ್ಟಿಗೆಗಳನ್ನೂ ಮಾಡುತ್ತೇನೆ. ತಮ್ಮನ ತಲೆ ಅರ್ಧ ಬೋಳಾಗಿದೆ, ಮನೆಯಲ್ಲಿ ಮಾತ್ರ ಇನ್ನೂ ಪುಟ್ಟು. ಅವನ ಹುಚ್ಚು ಹಳೆಯ ವಿಡಿಯೋ ಗೇಮುಗಳು: ಟಿವಿಗೆ ಜೋಡಿಸಿದ ಯಂತ್ರದ ಬಾಯಿಗೆ ತುರುಕುವ, ಅಂಗೈಯಗಲದ ಬೂದು ಕ್ಯಾಸೆಟ್ಟುಗಳು. ನಾವು ಚಿಕ್ಕವರಿದ್ದಾಗ ಬಂದ ಒಂದು ಸಾಲಿನ ಇಪ್ಪತ್ತನಾಲ್ಕನ್ನೂ ಎಲ್ಲೆಲ್ಲಿಂದಲೋ ಹುಡುಕಿ ತಂದಿದ್ದ. ಒಂದೊಂದಕ್ಕೂ ಅದರದೇ ಅಳತೆಯ ಪೆಟ್ಟಿಗೆ ಬೇಕೆಂದ. ನನಗೂ ಖುಷಿಯೇ ಆಯಿತು.

ನಾನು ಸ್ಕೇಲು ಮುಟ್ಟುವುದಿಲ್ಲ. ಕಾಗದದ ಪಟ್ಟಿ ಸುತ್ತಿ, ಉಗುರಿನಲ್ಲಿ ಗುರುತು ಮಾಡುತ್ತೇನೆ. ಒಂದೇ ಅಚ್ಚಿನವಾದರೂ ಒಂದರ ಲೇಬಲ್ ಉಬ್ಬಿರುತ್ತದೆ, ಇನ್ನೊಂದರ ಮೂಲೆ ಸವೆದಿರುತ್ತದೆ. ಅಂಟು ಹಾಕಿ ಎರಡು ದಿನ ಭಾರ ಹೇರಿ ಒಣಗಿಸಬೇಕು. ಹಸಿ ಇದ್ದರೆ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳಿಗೆ ಕಿಲುಬು ಹಿಡಿಯುತ್ತದೆ. ಒಳಗೆ ಮೆತ್ತನೆಯ ಬಟ್ಟೆ, ಅದರಡಿ ಒಂದು ರಿಬ್ಬನ್. ರಿಬ್ಬನ್ ಎಳೆದರೆ ಗೇಮು ತಾನಾಗಿ ಮೇಲೇಳಬೇಕು.

ಹದಿನಾರು ಮುಗಿದಾಗ ಅವನು ನೋಡಲು ಬಂದ. ಒಂದು ರಿಬ್ಬನ್ ಎಳೆದ.

“ಇದ್ಯಾಕಕ್ಕಾ?”

“ಆಡೋಕೆ ತೆಗೀಬೇಡ್ವಾ?”

“ಯಾರು ಆಡ್ತಾರೆ? ಮುಂಭಾಗಕ್ಕೆ ಒಳಗಿಂದು ಕಾಣೋ ಪ್ಲಾಸ್ಟಿಕ್ ಹಾಳೆ ಹಾಕಿ ನಾಲ್ಕೂ ಕಡೆ ಅಂಟಿಸಿಬಿಡು. ಗೋಡೆ ಮೇಲೆ ಸಾಲಾಗಿ ಕೂರಿಸ್ತೀನಿ. ಭಾನುವಾರ ಹಳೇ ಗೇಮು ಸಂಗ್ರಹಿಸೋ ನಮ್ಮ ಗುಂಪಿನೋರು ನೋಡೋಕೆ ಬರ್ತಿದಾರೆ.”

“ತೆರೆಯೋಕಾಗದ್ದು ಪೆಟ್ಟಿಗೆ ಅಲ್ಲ ಕಣೋ, ಗೋರಿ.”

“ನಿನ್ನ ಪ್ರವಚನ ಬಿಡು ಮಾರಾಯ್ತಿ. ಅಂಟು ಗಟ್ಟಿ ಇರೋದು ಹಾಕು.”

ಎಷ್ಟಾದರೂ ಅವನ ಸ್ವತ್ತು. ಹದಿನಾರು ರಿಬ್ಬನ್ನುಗಳನ್ನೂ ಕತ್ತರಿಸಿ ತೆಗೆದೆ. ಇಪ್ಪತ್ತಮೂರನ್ನು ಅವನು ಹೇಳಿದಂತೆಯೇ ಮುಚ್ಚಿದೆ. ಇಪ್ಪತ್ತನಾಲ್ಕನೆಯ ಕ್ಯಾಸೆಟ್ಟು ನನ್ನ ಮನೆಯಲ್ಲೇ, ಅಮ್ಮನ ಕೋಣೆಯಲ್ಲಿತ್ತು.

ಅದು ದೋಣಿಯ ಆಟ. ಹೊಳೆಯಲ್ಲಿ ಬಂಡೆಗಳನ್ನು ತಪ್ಪಿಸಿಕೊಂಡು, ದಿಬ್ಬಗಳ ಮೇಲೆ ಸಿಕ್ಕಿಕೊಂಡವರನ್ನು ಹತ್ತಿಸಿಕೊಂಡು ದಡ ಸೇರಿಸಬೇಕು. ಮೂರು ವರ್ಷದ ಹಿಂದೆ ಅಮ್ಮ ಆಸ್ಪತ್ರೆಯಿಂದ ಬಂದಾಗ ಬಲಗೈ ಚಮಚ ಹಿಡಿಯಲೂ ಒಲ್ಲೆ ಎನ್ನುತ್ತಿತ್ತು. ಬೆರಳು ಸಡಿಲವಾಗಲಿ ಎಂದು ಆಟ ತಂದುಕೊಟ್ಟವನು ಪುಟ್ಟುವೇ, ಅದನ್ನು ಅಲ್ಲಗಳೆಯಲಾರೆ. ಬೆರಳು ಸಡಿಲವಾಯಿತು. ಅಮ್ಮ ಆಟ ಬಿಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ದಿಂಬಿಗೊರಗಿ, ಹಿಂದೆ ನಮಗೆ ಪದ್ಯ ಓದುತ್ತಿದ್ದ ಅದೇ ಧಾಟಿಯಲ್ಲಿ ಗುನುಗುತ್ತ, ಸಾಲು ತಿರುಗುವಲ್ಲಿ ದೋಣಿ ತಿರುಗಿಸುತ್ತಾಳೆ.

ಶನಿವಾರ ಪುಟ್ಟು ಚೀಲ ಹಿಡಿದು ಬಂದ.

“ಅಮ್ಮಂಗೆ ಬೇರೆ ಆಟ ಹಾಕ್ಕೊಡ್ತೀನಿ. ಫೋನಲ್ಲಿ ಇದಕ್ಕಿಂತ ಚೆನ್ನಾಗಿರೋವು ಸಾವಿರ ಇದಾವೆ.”

“ಫೋನಿನ ಗಾಜು ಅವಳ ಬೆರಳಿನ ಮಾತು ಕೇಳಲ್ಲ. ಒತ್ತಿದ್ರೆ ತಿರುಗಿ ಒತ್ತೋ ಗುಂಡಿ ಬೇಕು ಅವಳಿಗೆ. ಇಪ್ಪತ್ಮೂರೇ ಇದ್ರೆ ನಿನಗೇನಾಗುತ್ತೆ?”

“ಸಾಲಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತೆ.”

“ಅದು ಕಾಣುತ್ತೆ. ಅಮ್ಮನ ಕೈ ಕಾಣಲ್ಲ ನಿನಗೆ.”

ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ, “ಅವನದೇ ಅಲ್ವೇನೇ, ತಗೊಂಡು ಹೋಗ್ಲಿ ಬಿಡು,” ಎಂದಳು.

ಆಗ ನನಗೆ ತಮ್ಮನಿಗಿಂತ ಹೆಚ್ಚು ಸಿಟ್ಟು ಬಂದದ್ದು ಅಮ್ಮನ ಮೇಲೆ. ಕಿಟಕಿ ಪಕ್ಕದ ಸೀಟು, ಹೊಸ ಕಂಬಳಿ, ಗಾಳಿ ಬರುವ ಕೋಣೆ, ಜನ್ಮವಿಡೀ ಎಲ್ಲದಕ್ಕೂ ‘ಬಿಡು’ ಎಂದವಳು.

“ಈ ಆಟ ಒಂದು ಮುಗೀಲಿ ಪುಟ್ಟು,” ಎಂದಳು. “ಆಮೇಲೆ ತಗೋ.”

“ಆಯ್ತಮ್ಮಾ, ನಿಧಾನಕ್ಕೆ ಆಡು.” ದೊಡ್ಡ ಮನಸ್ಸು ಮಾಡಿದವನಂತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

ಮುಕ್ಕಾಲು ಗಂಟೆ ಕಳೆಯಿತು. ಅಮ್ಮ ನಾಲ್ಕನೆಯ ತಿರುವು ದಾಟಿದಳು, ಐದು ದಾಟಿದಳು. ಅವನು ಫೋನು ಜೇಬಿಗಿಳಿಸಿದ. “ಆರಕ್ಕಿಂತ ಮುಂದೆ ನಾನೇ ಹೋಗಿಲ್ಲ,” ಎಂದು ಗೊಣಗಿದ. ಅಮ್ಮ ಎಂಟಕ್ಕೆ ಹೋದಳು. ಅಲ್ಲಿ ನಡುವಿನ ಗುಂಡಿ ಒತ್ತಿದಳು. ದೋಣಿ ಹೊಳೆಯ ಮಧ್ಯೆ ನಿಂತುಬಿಟ್ಟಿತು. ಅಮ್ಮ ಕೈಯಲ್ಲಿದ್ದ ಗುಂಡಿಗಳ ಹಿಡಿಕೆಯನ್ನು ದಿಂಬಿನ ಪಕ್ಕಕ್ಕಿಟ್ಟು ಮಲಗಿದಳು.

“ಏನಮ್ಮಾ ಇದು?”

“ಕೈ ನೋಯ್ತಿದೆ. ಉಳಿದಿದ್ದು ನಾಳೆ.”

“ನಾಳೆ ಭಾನುವಾರ.”

“ಹೌದಲ್ವಾ. ಆದ್ರೆ ದೋಣೀಲಿ ಮೂರು ಜನ ಇದಾರಲ್ಲೋ. ನಡುನೀರಲ್ಲಿ ಬಿಡೋಕಾಗುತ್ತಾ?” ಕಣ್ಣು ಮುಚ್ಚಿದಳು.

ಪುಟ್ಟು ಎದ್ದು ಯಂತ್ರದ ಹತ್ತಿರ ಹೋದ. ಕೆಂಪು ಸ್ವಿಚ್ಚಿನ ಮೇಲೆ ಬೆರಳಿಟ್ಟ. ಅದನ್ನು ಆರಿಸಿದರೆ ಆಟ ಅಳಿಸಿಹೋಗಿ ಮತ್ತೆ ಮೊದಲಿನಿಂದ ಶುರು. ನಾನು ತಡೆಯಲಿಲ್ಲ.

“ಒತ್ತು,” ಎಂದೆ. “ಅಮ್ಮ ಎದ್ದ ಮೇಲೆ ಆ ಮೂವರು ಎಲ್ಲಿಗೆ ಹೋದ್ರು ಅಂತ ನೀನೇ ಹೇಳು.”

ಬೆರಳು ಅಲ್ಲೇ ಇತ್ತು. ಅಮ್ಮ ಕಣ್ಣು ತೆರೆಯದೆ, “ಫ್ಯಾನ್ ಸ್ವಲ್ಪ ಜೋರು ಮಾಡೋ, ಹೇಗಿದ್ರೂ ಎದ್ದಿದೀಯಲ್ಲ,” ಎಂದಳು.

ಫ್ಯಾನ್ ಜೋರು ಮಾಡಿ, ಇಪ್ಪತ್ತಮೂರು ಪೆಟ್ಟಿಗೆಗಳನ್ನು ಹೊತ್ತುಕೊಂಡು, ಹೋಗಿಬರುತ್ತೇನೆ ಎಂದೂ ಹೇಳದೆ ಹೊರಟ. ನನ್ನ ಸಿಟ್ಟು ಅದರಿಂದ ಇಳಿಯಲಿಲ್ಲ. ಆ ಇಪ್ಪತ್ತಮೂರರ ಬಾಯಿ ಕಟ್ಟಿದ್ದು ಈ ನನ್ನ ಕೈಗಳೇ.

ಸೋಮವಾರ ಸಂಜೆ ಫೋನು ಮಾಡಿದ. “ಮುಗೀತಾ ಅಕ್ಕಾ?”

ಸುಳ್ಳು ಹೇಳಿ ಅಭ್ಯಾಸವಿಲ್ಲ. ಅಮ್ಮ ಮೂವರನ್ನೂ ದಡಕ್ಕಿಳಿಸಿ, ಒಂಬತ್ತನೆಯ ತಿರುವಿನಲ್ಲಿ ದೋಣಿ ಒಡೆದುಕೊಂಡಿದ್ದಳು.

“ಮುಗೀತು,” ಎಂದೆ. “ಇನ್ನೊಂದು ಶುರು ಮಾಡಿದಾಳೆ. ಬೇಕಿದ್ರೆ ಬಂದು ಕೂತ್ಕೋ.”