ಅರೆದ ಸೊಪ್ಪಿಗೆ ಗುರುತಿಲ್ಲ

ಬಡಗಿಯ ಮನೆಯಲ್ಲಿ ಉಳಿ ಜಾರಿ ಕೈ ಕೊಯ್ಯುವುದು ಹೊಸದಲ್ಲ. ಹಾಗಾದಾಗಲೆಲ್ಲ ಅವನ ತಾಯಿ, ಓಣಿಯವರ ಪಾಲಿನ ಅಜ್ಜಿ, ಹಿತ್ತಿಲಿನ ಒಂದು ಸೊಪ್ಪು ಕಿತ್ತು, ಬಾಗಿಲು ಹಾಕಿಕೊಂಡು ಅರೆದು ಹಚ್ಚುತ್ತಿದ್ದಳು. ಯಾವ ಸೊಪ್ಪೆಂದು ಸೊಸೆಗೂ ಹೇಳಿರಲಿಲ್ಲ. ಹೇಳಿದರೆ ಮದ್ದಿನ ಗುಣ ಹೋಗುತ್ತದೆಂದು ಅಜ್ಜಿಗೆ ಅವಳ ಅಕ್ಕ ಕಲಿಸಿದ್ದಳು.

ಈ ಸಲ ಬಡಗಿಯ ಹೆಬ್ಬೆರಳು ಕೊಯ್ದಾಗ ಅಜ್ಜಿ ಊರಲ್ಲಿರಲಿಲ್ಲ. ಸೊಸೆ ಅಂದಾಜಿನ ಮೇಲೆ ಯಾವುದೋ ಸೊಪ್ಪು ಅರೆದು ಹಚ್ಚಿದಳು. ವಾರದೊಳಗೆ ಬೆರಳು ಬದನೆಕಾಯಿಯಂತೆ ಊದಿತು. ಆಸ್ಪತ್ರೆಯಲ್ಲಿ ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, ಬೆರಳು ಉಳಿಸಿದರು.

ಮರಳಿ ಬಂದ ಅಜ್ಜಿ ಹರಿಹಾಯ್ದಳು. "ಗಿಡ ಗೊತ್ತಿಲ್ದೆ ಯಾಕೆ ಕೈ ಹಾಕ್ದೆ?"

"ನೀವು ತೋರಿಸಿದ್ರೆ ತಾನೇ ಅತ್ತೆ, ನಂಗೆ ಗೊತ್ತಾಗೋದು?"

ಗಲಾಟೆ ಕೇಳಿ, ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಇಳಿದು ಬಂದಳು. ಅವಳದು ಔಷಧಿ ಗಿಡಗಳ ಪ್ರಯೋಗಾಲಯದಲ್ಲಿ ಕೆಲಸ. "ಅಜ್ಜಿ, ಆ ಸೊಪ್ಪು ನಮಗೆ ಕೊಡಿ. ಅದರಲ್ಲಿ ಏನಿದೆ ಅಂತ ನೋಡೋಣ."

"ನಿಮ್ಮ ಗಾಜಿನ ಲೋಟಕ್ಕೆ ಏನು ಗೊತ್ತಾಗುತ್ತಮ್ಮ?"

ಹಾಗೆಂದರೂ ಮಗನ ಕೈಯ ಕಟ್ಟು ನೋಡಿ ಅಜ್ಜಿಯ ಮನಸ್ಸು ತಡೆಯಲಿಲ್ಲ. ಮರುದಿನ ಒಂದು ಬಟ್ಟಲು ತಂದಿಟ್ಟಳು. ಅದರಲ್ಲಿ ನುಣ್ಣಗೆ ಅರೆದ ಹಸಿರು ಮುದ್ದೆ.

ಹುಡುಗಿ ನಕ್ಕುಬಿಟ್ಟಳು. "ಹಿಟ್ಟು ತೋರಿಸಿ ಯಾರ ಹೊಲದ್ದು ಹೇಳು ಅಂದ ಹಾಗಾಯ್ತು. ಹೂವು, ಬೇರು ಸಮೇತ ಇಡೀ ಗಿಡ ಬೇಕು. ನೋಡೋಕೆ ಒಂದೇ ಥರ ಇರೋ ಎಲೆ ಎಷ್ಟೋ ಇವೆ. ಒಂದು ಕಾಯುತ್ತೆ, ಇನ್ನೊಂದು ಕೊಲ್ಲುತ್ತೆ."

"ಹೇಳಿದ್ರೆ ಗುಣ ಹೋಗುತ್ತೆ ಕಣೇ."

"ನಿಮ್ಮಕ್ಕ ಕೆಮ್ಮಿಗೆ ಒಂದು ಬೇರು ಕೊಡ್ತಿದ್ರಂತಲ್ಲ, ಅದ್ಯಾವುದು?"

ಅಕ್ಕ ತೀರಿಕೊಂಡಿದ್ದಳು, ಆ ಬೇರಿನ ಹೆಸರೂ ಅವಳೊಂದಿಗೇ ಮಣ್ಣಾಗಿತ್ತು.

"ದೇವರು ಗಿಡ ಕೊಟ್ಟ. ಬಚ್ಚಿಡು ಅಂತ ಅವನೇನೂ ಹೇಳಿರ್ಲಿಲ್ಲ" ಎಂದು ಅಜ್ಜಿ ಮೆಲ್ಲಗೆ ಹೇಳಿ, ಗಿಡ ತೋರಿಸಲು ಸೊಸೆಯನ್ನೂ ಹುಡುಗಿಯನ್ನೂ ಹಿತ್ತಿಲಿಗೆ ಕರೆದಳು.

ಕೆಲವು ತಿಂಗಳಾದ ಮೇಲೆ ಹುಡುಗಿ ಓಡೋಡಿ ಬಂದು ಮನೆಯವರನ್ನೆಲ್ಲ ಪ್ರಯೋಗಾಲಯಕ್ಕೆ ಎಳೆದೊಯ್ದಳು. ಗಾಜಿನ ತಟ್ಟೆಯ ತುಂಬ, ಗಾಯದಲ್ಲಿ ಕೀವು ತರುವ ರೋಗಾಣು ಮಬ್ಬಾಗಿ ಹರಡಿತ್ತು. ಸೊಪ್ಪಿನ ರಸ ಇಟ್ಟ ಜಾಗದ ಸುತ್ತ ಮಾತ್ರ ನಾಣ್ಯದಷ್ಟು ಅಗಲ ತಿಳಿಯಾಗಿತ್ತು.

"ಇಲ್ಲಿ ಒಂದೂ ಬೆಳೆದಿಲ್ವಾ?" ಅಜ್ಜಿ ತಟ್ಟೆಯ ಮೇಲೆ ಬಗ್ಗಿ ಕೇಳಿದಳು.

"ಒಂದೂ ಇಲ್ಲ. ಆದ್ರೆ ಇದಿನ್ನೂ ಶುರು ಅಜ್ಜಿ. ಎಷ್ಟು ಹಚ್ಬೇಕು, ಯಾರಿಗೆ ಒಗ್ಗಲ್ಲ, ಎಲ್ಲ ನೋಡ್ಬೇಕು. ಅಲ್ಲೀವರೆಗೆ ಗಾಯಕ್ಕೆ ಆಸ್ಪತ್ರೇನೇ."

"ಆಗಲಿ. ನಂಗೆ ಇನ್ನೂ ಐದಾರು ಗಿಡ ಗೊತ್ತು. ನಾಳೆ ಬೆಳಿಗ್ಗೇನೇ ಬಾ. ಈ ವಯಸ್ಸಿನವಳನ್ನ ನಂಬ್ಕೊಂಡು ನಾಡಿದ್ದು ಅನ್ಬೇಡ."

ಬಂಧುಗಳೇ, ನಿಮ್ಮ ಮನೆಯ ಹಿರಿಯರಿಗೂ ಇಂಥ ಗಿಡಗಳು ಗೊತ್ತಿರಬಹುದು. ಅವರೊಂದಿಗೆ ಹೋಗಿ, ಹೂವು ಬೇರು ಸಮೇತ ಗುರುತು ಮಾಡಿಕೊಳ್ಳಿ. ಸಂಶೋಧಕರಿಗೆ ತೋರಿಸಿ, ಹೇಳಿಕೊಟ್ಟವರ ಹೆಸರು ಬರೆಸುವುದನ್ನು ಮರೆಯಬೇಡಿ. ಪರೀಕ್ಷೆಯಾಗದ ಮದ್ದನ್ನು ನಂಬಿ ವೈದ್ಯರ ಔಷಧಿ ಬಿಡಬೇಡಿ. ಹಿರಿಯರು ಇರುವಾಗಲೇ ಕೇಳಿ. ಹೋದವರನ್ನು ಕೇಳಲಾಗುವುದಿಲ್ಲ.